ಪಾದರಸದ ಮೇಲೆ ಹಳದಿ ಹರಳು

ಆಗಸ್ಟ್ 2 ಬಂತೆಂದರೆ ಸಾಕು, ನನ್ನ ಫೋನಿಗೆ ನಾಲ್ಕೈದು ಗುಂಪುಗಳಿಂದ ಒಂದೇ ಸಂದೇಶ ಬಂದು ಬೀಳುತ್ತೆ. ಗಡ್ಡದ ಹಿರಿಯರೊಬ್ಬರ ಕಪ್ಪು-ಬಿಳುಪು ಚಿತ್ರ, ಪಕ್ಕದಲ್ಲಿ ಧ್ವಜ, ಕೆಳಗೆ ಎರಡು ಸಾಲು. ಭಾರತೀಯ ರಸಾಯನಶಾಸ್ತ್ರದ ಪಿತಾಮಹ ಆಚಾರ್ಯ ಪ್ರಫುಲ್ಲಚಂದ್ರ ರಾಯ್ ಅವರ ಜನ್ಮದಿನ, ಇವರು ಮರ್ಕ್ಯುರಸ್ ನೈಟ್ರೈಟ್ ಕಂಡುಹಿಡಿದು ಜಗತ್ತನ್ನೇ ಬೆರಗುಗೊಳಿಸಿದರು ಅಂತ. ಅಷ್ಟೇ. ಈ ಮರ್ಕ್ಯುರಸ್ ನೈಟ್ರೈಟ್ ಅಂದರೇನು, ತಿನ್ನೋದಾ ಹಚ್ಚೋದಾ, ಜಗತ್ತು ಬೆರಗಾಗೋಕೆ ಅದರಲ್ಲಿ ಏನಿತ್ತು ಅಂತ ಕೇಳಿದರೆ ಕಳಿಸಿದವರಿಗೂ ಗೊತ್ತಿರಲ್ಲ. ಒಂದು ಕೈಮುಗಿಯೋ ಚಿಹ್ನೆ ಹಾಕಿ ಮುಂದಕ್ಕೆ ಹೋಗ್ತಾರೆ.

ನಾನು ಓದಿದ್ದು ಇಂಜಿನಿಯರಿಂಗ್, ಹೊಟ್ಟೆಪಾಡು ಸಾಫ್ಟ್‌ವೇರ್. ರಸಾಯನಶಾಸ್ತ್ರ ಅಂದರೆ ಮೊದಲ ವರ್ಷದ ಒಂದು ಪೇಪರ್ರು, ಪಾಸಾದ ಮೇಲೆ ಆ ಕಡೆ ತಲೆ ಹಾಕಿದವನಲ್ಲ. ಆದರೂ ಈ ಉಪ್ಪಿನ ಬೆನ್ನು ಹತ್ತಿ ಒಂದಷ್ಟು ಓದಿದೆ. ಓದಿದ ಮೇಲೆ ಅನ್ನಿಸಿದ್ದು ಇಷ್ಟು: ನಿಜವಾದ ಕತೆ ಆ ಸಂದೇಶದಲ್ಲಿರೋದಕ್ಕಿಂತ ಚಿಕ್ಕದು, ಹಾಗೇ ಅದಕ್ಕಿಂತ ತುಂಬಾ ಚೆನ್ನಾಗಿದೆ. ಚಿಕ್ಕದು ಯಾಕೆ, ಚೆನ್ನ ಯಾಕೆ, ಎರಡನ್ನೂ ಇಲ್ಲಿ ಬರೆದಿಡೋಣ ಅಂತ.

ಮೊದಲು ಹೆಸರಿನ ಗೋಜಲು ಬಿಡಿಸಿಕೊಳ್ಳೋಣ. (ಗೊತ್ತಿರುವವರು ಎರಡು ಪ್ಯಾರಾ ಹಾರಿಸಬಹುದು, ಬೇಜಾರಿಲ್ಲ.) ಪಾದರಸ ಎರಡು ಥರದ ಲವಣಗಳನ್ನು ಕೊಡುತ್ತೆ. ಮರ್ಕ್ಯುರಿಕ್ ಲವಣದಲ್ಲಿ ಪಾದರಸದ ಒಂದೊಂದು ಪರಮಾಣುವೂ ಎರಡೆರಡು ಎಲೆಕ್ಟ್ರಾನು ಕಳೆದುಕೊಂಡು ಒಂಟಿಯಾಗಿರುತ್ತೆ. ಮರ್ಕ್ಯುರಸ್ ಲವಣದಲ್ಲಿ ಎರಡು ಪರಮಾಣುಗಳು ಕೈಕೈ ಹಿಡಿದು ಜೋಡಿಯಾಗಿ, ಇಬ್ಬರೂ ಸೇರಿ ಎರಡು ಎಲೆಕ್ಟ್ರಾನು ಕಳೆದುಕೊಂಡಿರುತ್ತವೆ. ಈ ಜೋಡಿ ಬಲು ಚಂಚಲ. ಸಣ್ಣ ನೆಪ ಸಿಕ್ಕರೆ ಸಾಕು, ಕೈಬಿಟ್ಟುಕೊಂಡು ಒಂದು ಮರ್ಕ್ಯುರಿಕ್ ಆಗುತ್ತೆ, ಇನ್ನೊಂದು ಮಾಮೂಲಿ ಪಾದರಸದ ಗುಂಡಾಗಿ ತಳಕ್ಕೆ ಬೀಳುತ್ತೆ.

ಇನ್ನು ನೈಟ್ರೇಟು, ನೈಟ್ರೈಟು. ಉಚ್ಚಾರದಲ್ಲಿ ಅರ್ಧ ಮಾತ್ರೆ ವ್ಯತ್ಯಾಸ, ಪದಾರ್ಥದಲ್ಲಿ ಒಂದು ಆಮ್ಲಜನಕದ ವ್ಯತ್ಯಾಸ. ಒಂದು ಸಾರಜನಕಕ್ಕೆ ಮೂರು ಆಮ್ಲಜನಕ ಇದ್ದರೆ ನೈಟ್ರೇಟ್, ಎರಡೇ ಇದ್ದರೆ ನೈಟ್ರೈಟ್. ಆದರೆ ಸ್ವಭಾವ ನೋಡಿದರೆ ಅಜಗಜಾಂತರ. ನೈಟ್ರಿಕ್ ಆಮ್ಲವನ್ನು ಬಾಟಲಿಗೆ ತುಂಬಿ ಅಂಗಡಿಯಲ್ಲಿ ಮಾರಬಹುದು. ನೈಟ್ರೈಟಿನ ತಾಯಿಯಾದ ನೈಟ್ರಸ್ ಆಮ್ಲವನ್ನು ಹಾಗೆ ಇಡೋಕಾಗಲ್ಲ, ತಣ್ಣಗಿನ ತೆಳು ದ್ರಾವಣದಲ್ಲಿ ಸ್ವಲ್ಪ ಹೊತ್ತು ಇದ್ದು ಮಾಯವಾಗುತ್ತೆ. ಯಾವುದೇ ನೈಟ್ರೈಟ್ ಉಪ್ಪಿನ ಮೇಲೆ ಆಮ್ಲ ಹಾಕಿದರೆ ಕಂದು ಬಣ್ಣದ ಹೊಗೆ ಏಳುತ್ತೆ. ಪಿಯುಸಿ ಲ್ಯಾಬಿನಲ್ಲಿ ಉಪ್ಪು ಪತ್ತೆ ಮಾಡೋ ಪರೀಕ್ಷೆಗೆ ಕೂತವರಿಗೆ ಈ ಹೊಗೆ ನೆನಪಿರಬೇಕು.

ಈಗ ಇವೆರಡನ್ನೂ ಒಟ್ಟಿಗಿಟ್ಟು ನೋಡಿ. ಒಂದು ಕಡೆ ಯಾವಾಗ ಕೈಬಿಡುತ್ತೋ ಅನ್ನೋ ಪಾದರಸದ ಜೋಡಿ, ಇನ್ನೊಂದು ಕಡೆ ಆಮ್ಲ ಕಂಡರೆ ಹೊಗೆಯಾಗಿ ಓಡಿಹೋಗೋ ನೈಟ್ರೈಟು. ಇವೆರಡೂ ಸೇರಿ ಒಂದು ಲವಣವಾಗಿ, ಅದೂ ನೈಟ್ರಿಕ್ ಆಮ್ಲದ ಮಡುವಿನಲ್ಲೇ ಕೂತು ಹರಳುಗಟ್ಟುತ್ತವೆ ಅಂದರೆ ಯಾರಾದರೂ ನಂಬ್ತಾರಾ?

1895ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಒಬ್ಬರು ಇದನ್ನು ಕಣ್ಣಾರೆ ನೋಡಿದರು.

ರಾಯ್ ಅವರಿಗೆ ಆಗ 34 ವರ್ಷ. ಹುಟ್ಟಿದ್ದು 1861ರಲ್ಲಿ, ಈಗ ಬಾಂಗ್ಲಾದೇಶದಲ್ಲಿರುವ ರಾರುಲಿ ಅನ್ನೋ ಹಳ್ಳಿಯಲ್ಲಿ. 1882ರಲ್ಲಿ ಗಿಲ್‌ಕ್ರಿಸ್ಟ್ ವಿದ್ಯಾರ್ಥಿವೇತನ ಗೆದ್ದು ಸ್ಕಾಟ್ಲೆಂಡಿನ ಎಡಿನ್‌ಬರೋಗೆ ಹೋದರು. ಅಲ್ಲಿ ಕ್ರಮ್ ಬ್ರೌನ್ ಅವರ ಹತ್ತಿರ ಕಲಿತು 1887ರಲ್ಲಿ ಡಿ.ಎಸ್‌ಸಿ. ಪಡೆದರು. 1888ರಲ್ಲಿ ಊರಿಗೆ ವಾಪಸ್ ಬಂದರೆ ಕೆಲಸವೇ ಇಲ್ಲ. ಹೆಚ್ಚುಕಡಿಮೆ ಒಂದು ವರ್ಷ ಸ್ನೇಹಿತ ಜಗದೀಶಚಂದ್ರ ಬೋಸರ ಮನೆಯಲ್ಲಿ ಇದ್ದುಕೊಂಡು ಕಾದರು. ಕೊನೆಗೆ 1889ರಲ್ಲಿ ಸಿಕ್ಕಿದ್ದು ತಾತ್ಕಾಲಿಕ ಸಹಾಯಕ ಪ್ರಾಧ್ಯಾಪಕನ ಕೆಲಸ, ಸಂಬಳ ತಿಂಗಳಿಗೆ 250 ರೂಪಾಯಿ. ಶಿಕ್ಷಣ ಇಲಾಖೆಯ ಮೇಲಿನ ದರ್ಜೆಯೆಲ್ಲ ಹೆಚ್ಚುಕಡಿಮೆ ವಿಲಾಯತಿಯಿಂದ ಬಂದವರಿಗೆ ಮೀಸಲು, ಅದೇ ಓದು ಓದಿದ ಭಾರತೀಯನಿಗೆ ಕೆಳಗಿನ ದರ್ಜೆ. ಇದನ್ನು ಕೇಳೋಕೆ ಅಂತ ರಾಯ್ ಇಲಾಖೆಯ ನಿರ್ದೇಶಕ ಕ್ರಾಫ್ಟ್ ಸಾಹೇಬರ ಹತ್ತಿರ ಹೋದರು. ನಿನಗೆ ಬದುಕೋಕೆ ಬೇರೆ ದಾರಿಗಳೂ ಇವೆ, ಇದೇ ಕೆಲಸ ಮಾಡು ಅಂತ ಯಾರೂ ಒತ್ತಾಯ ಮಾಡಿಲ್ಲ ಅನ್ನೋ ಅರ್ಥದ ಉತ್ತರ ಬಂತಂತೆ. ರಾಯ್ ತಮ್ಮ ಆತ್ಮಕತೆಯಲ್ಲಿ ಇದನ್ನು ಬರೆದಿದ್ದಾರೆ. ನಲವತ್ತು ವರ್ಷ ಕಳೆದ ಮೇಲೂ ಆ ಮಾತು ಚುಚ್ಚುತ್ತಿತ್ತು ಅಂತ ಕಾಣುತ್ತೆ.

ಅವಮಾನ ಬರೀ ಸಂಬಳದ್ದಲ್ಲ. ಭಾರತೀಯರು ತತ್ವಶಾಸ್ತ್ರಕ್ಕೆ, ಉರು ಹೊಡೆಯೋದಕ್ಕೆ ಸರಿ. ಕೈಯಿಂದ ಪ್ರಯೋಗ ಮಾಡಿ ಹೊಸದೇನಾದರೂ ಕಂಡುಹಿಡಿಯೋದು ಅವರಿಂದಾಗಲ್ಲ ಅನ್ನೋ ಮಾತು ಆಗ ಆಳುವವರಲ್ಲಿ ಸಾಮಾನ್ಯವಾಗಿತ್ತು. ಕಾಲೇಜಿನ ಕೆಲಸವೆಂದರೆ ಪಾಠ ಹೇಳೋದು, ಅಷ್ಟೇ. ಸಂಶೋಧನೆ ಮಾಡು ಅಂತ ಯಾರೂ ಹೇಳ್ತಿರಲಿಲ್ಲ, ಮಾಡಿದರೆ ಯಾರೂ ಕೇಳ್ತಿರಲಿಲ್ಲ. ಅದೇ ಕಾಲೇಜಿನಲ್ಲಿ ಬೋಸರು ತಮ್ಮ ಸಣ್ಣ ಜಾಗದಲ್ಲಿ ವಿದ್ಯುತ್ ಅಲೆಗಳ ಉಪಕರಣ ಕಟ್ಟುತ್ತಿದ್ದರೆ, ರಸಾಯನಶಾಸ್ತ್ರದ ಕಡೆ ರಾಯ್ ಆಮ್ಲ ಕಲಸುತ್ತಿದ್ದರು.

ರಾಯ್ ಹುಡುಕುತ್ತಿದ್ದದ್ದು ನೈಟ್ರೈಟನ್ನಲ್ಲ ಅನ್ನೋದು ನನಗೆ ಈ ಕತೆಯಲ್ಲಿ ಇಷ್ಟವಾಗೋ ಭಾಗ. ಅವರ ಆಸೆ ಇನ್ನೂ ದೊಡ್ಡದಿತ್ತು. ಮೆಂಡಲೀವ್ ತಮ್ಮ ಆವರ್ತ ಕೋಷ್ಟಕದಲ್ಲಿ ಖಾಲಿ ಬಿಟ್ಟ ಮನೆಗಳು ಒಂದೊಂದಾಗಿ ತುಂಬುತ್ತಿದ್ದ ಕಾಲ ಅದು: 1875ರಲ್ಲಿ ಗ್ಯಾಲಿಯಂ, 1879ರಲ್ಲಿ ಸ್ಕ್ಯಾಂಡಿಯಂ, 1886ರಲ್ಲಿ ಜರ್ಮೇನಿಯಂ. ಭಾರತದ ಅಪರೂಪದ ಖನಿಜಗಳಲ್ಲೂ ಅಂಥದ್ದೊಂದು ಮೂಲವಸ್ತು ಅಡಗಿರಬಹುದಲ್ಲ? ಭೂವೈಜ್ಞಾನಿಕ ಸಮೀಕ್ಷೆಯ ಥಾಮಸ್ ಹಾಲೆಂಡ್ ಖನಿಜದ ಮಾದರಿಗಳನ್ನು ಕೊಟ್ಟರು. ರಾಯ್ ಅವನ್ನು ಕರಗಿಸಿ, ಬೇರ್ಪಡಿಸಿ, ತೂಗಿ ನೋಡುತ್ತಿದ್ದರು. ಹೊಸ ಮೂಲವಸ್ತು ಸಿಗಲಿಲ್ಲ.

ಈ ನಡುವೆ ಅವರಿಗೆ ಮರ್ಕ್ಯುರಸ್ ನೈಟ್ರೇಟ್ ಸ್ವಲ್ಪ ಹೆಚ್ಚು ಪ್ರಮಾಣದಲ್ಲಿ ಬೇಕಾಯಿತು. ನೈಟ್ರೇಟ್, ನೈಟ್ರೈಟ್ ಅಲ್ಲ. ತಯಾರಿಸೋ ವಿಧಾನ ಎಲ್ಲರಿಗೂ ಗೊತ್ತಿದ್ದದ್ದೇ. ನೈಟ್ರಿಕ್ ಆಮ್ಲಕ್ಕೆ ನೀರು ಬೆರೆಸಿ ತೆಳು ಮಾಡಿ, ಅದರಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಪಾದರಸ ಹಾಕಿ, ಕಾಯಿಸದೆ ಹಾಗೇ ಇಡೋದು. ಪಾದರಸ ಹೆಚ್ಚಿರಬೇಕು, ಇಲ್ಲದಿದ್ದರೆ ಮರ್ಕ್ಯುರಿಕ್ ಆಗಿಬಿಡುತ್ತೆ. ತಣ್ಣಗಿರಬೇಕು, ಬಿಸಿಯಾದರೂ ಅದೇ ಕತೆ. ನಿಧಾನಕ್ಕೆ ಬಣ್ಣವಿಲ್ಲದ ಹರಳುಗಳು ಕೂಡಬೇಕು.

ಬಣ್ಣವಿಲ್ಲದ್ದು ಬರಬೇಕಾದ ಕಡೆ ಹಳದಿ ಬಂತು. ಪಾದರಸದ ಹೊಳೆಯೋ ಮೈಮೇಲೆ ಹಳದಿ ಹರಳಿನ ಪದರ.

ಇಲ್ಲಿ ಒಂದು ನಿಮಿಷ ನಿಲ್ಲೋಣ. ಪಾದರಸದ ಲವಣ ಮಾಡುವಾಗ ಹಳದಿ ಕಾಣಿಸಿಕೊಳ್ಳೋದು ಹೊಸದೇನಲ್ಲ. ಆಮ್ಲ ಕಮ್ಮಿಯಾಗಿ ನೀರು ಜಾಸ್ತಿಯಾದರೆ ಪ್ರತ್ಯಾಮ್ಲೀಯ ಲವಣ ಅನ್ನೋ ಒಂದು ಹಳದಿ ಕಸ ಕೂಡೋದು ಮಾಮೂಲಿ. ರಸಾಯನಶಾಸ್ತ್ರ ಬಲ್ಲ ಯಾರೇ ಆದರೂ ನೋಡಿದ ತಕ್ಷಣ ಹಾಗೇ ಅಂದುಕೊಂಡು, ಇನ್ನೊಂದು ತೊಟ್ಟು ಆಮ್ಲ ಹಾಕಿ ಕರಗಿಸಿ, ಮುಂದಿನ ಕೆಲಸ ನೋಡ್ತಿದ್ದರು. ಪಾದರಸಕ್ಕೆ ನೈಟ್ರಿಕ್ ಆಮ್ಲ ಹಾಕಿದವರಲ್ಲಿ ರಾಯ್ ಮೊದಲಿಗರಂತೂ ಅಲ್ಲ. ರಸವಿದ್ಯೆಯ ಕಾಲದಿಂದಲೂ ಯುರೋಪಿನಲ್ಲಿ ಮಾಡುತ್ತಲೇ ಇದ್ದರು. ಎಷ್ಟು ಜನರ ಪಾತ್ರೆಯಲ್ಲಿ ಈ ಹಳದಿ ಮೂಡಿ ಮಾಯವಾಗಿತ್ತೋ ಯಾರಿಗೆ ಗೊತ್ತು!

ರಾಯ್ ಕೂಡ ಮೊದಲು ಅದನ್ನು ಪ್ರತ್ಯಾಮ್ಲೀಯ ಲವಣ ಅಂತಲೇ ಎಣಿಸಿದರು. ಆಮೇಲೆ ಒಂದು ಸರಳ ಪ್ರಶ್ನೆ ಅಡ್ಡ ಬಂತು. ಪಾತ್ರೆಯ ತುಂಬಾ ಖಾರವಾದ ಆಮ್ಲ ಇದೆ, ಅದರ ನಡುವೆ ಪ್ರತ್ಯಾಮ್ಲೀಯ ಲವಣ ಹೇಗೆ ಹುಟ್ಟುತ್ತೆ? ಹುಟ್ಟಬಾರದು. ಹಾಗಾದರೆ ಇದೇನು?

ನಮ್ಮ ಕೆಲಸದಲ್ಲಿ ಇರುವವರಿಗೆ ಈ ಕ್ಷಣ ಚೆನ್ನಾಗಿ ಅರ್ಥವಾಗುತ್ತೆ ಅನ್ಸುತ್ತೆ. ಕೋಡು ಕಂಪೈಲ್ ಆಗುತ್ತೆ, ಓಡುತ್ತೆ, ಉತ್ತರವೂ ಸರಿ ಬರುತ್ತೆ, ಆದರೆ ಒಂದು ಹಳದಿ ಬಣ್ಣದ ವಾರ್ನಿಂಗ್ ಬಂದು ಕೂತಿರುತ್ತೆ. ಹೌದು, ಅದೂ ಹಳದಿಯೇ :-) ನೂರಕ್ಕೆ ತೊಂಬತ್ತೊಂಬತ್ತು ಜನ ಅದನ್ನು ಮುಚ್ಚಿಹಾಕಿ ಮನೆಗೆ ಹೋಗ್ತಾರೆ. ಇದು ಇಲ್ಲಿ ಇರಬಾರದಲ್ಲ ಅಂತ ಕೇಳಿಕೊಂಡು ಕೂರುವವನು ನೂರಕ್ಕೊಬ್ಬ. ರಾಯ್ ಅವರ ಹರಳು ಆಕಸ್ಮಿಕ ಅಂತ ಎಲ್ಲ ಕಡೆ ಬರೆದಿರುತ್ತೆ. ಹರಳು ಆಕಸ್ಮಿಕವೇ. ಆದರೆ ಎಡಿನ್‌ಬರೋದಲ್ಲಿ ಡಿ.ಎಸ್‌ಸಿ. ಗಾಗಿ ಲವಣಗಳ ಜೊತೆಗೇ ಕೂತು, ಯಾವುದು ಎಲ್ಲಿ ಹುಟ್ಟಬೇಕು ಎಲ್ಲಿ ಹುಟ್ಟಬಾರದು ಅನ್ನೋದು ಕೈಗೆ ಹತ್ತಿದ್ದವರಿಗೇ ಅದು ಕಂಡಿದ್ದು.

ಮೊದಲ ಪರೀಕ್ಷೆಯಲ್ಲೇ ಎರಡು ಉತ್ತರ ಒಟ್ಟಿಗೆ ಬಂದವು. ಇದು ಮರ್ಕ್ಯುರಸ್ ಲವಣ, ಜೊತೆಗೆ ನೈಟ್ರೈಟ್ ಕೂಡ. ಮರ್ಕ್ಯುರಸ್ ಹೌದೋ ಅಲ್ಲವೋ ಅಂತ ತಿಳಿಯೋದು ಸುಲಭ, ಅಡುಗೆ ಉಪ್ಪು ಅಥವಾ ಹೈಡ್ರೊಕ್ಲೋರಿಕ್ ಆಮ್ಲ ತಾಗಿಸಿದರೆ ಬಿಳಿಯ ಕ್ಯಾಲೊಮೆಲ್ ಕೂಡುತ್ತೆ. ನೈಟ್ರೈಟಿಗೆ ಕಂದು ಹೊಗೆಯ ಸಾಕ್ಷಿ ಇದ್ದೇ ಇದೆ. ಆದರೆ ಸಾಕ್ಷಿ ಬೇರೆ, ಪುರಾವೆ ಬೇರೆ. ಹರಳಿನಲ್ಲಿ ನೈಟ್ರೇಟ್ ಸೇರಿಕೊಂಡಿಲ್ಲ, ಇದು ಶುದ್ಧ ಮರ್ಕ್ಯುರಸ್ ನೈಟ್ರೈಟೇ ಅಂತ ಹೇಳಬೇಕಾದರೆ ತೂಕ ಹಾಕಲೇಬೇಕು.

ಇವತ್ತಿನ ಪರಮಾಣು ತೂಕ ಇಟ್ಟುಕೊಂಡು ನಾನೇ ಲೆಕ್ಕ ಮಾಡಿ ನೋಡಿದೆ. ಎರಡು ಪಾದರಸ, ಎರಡು ನೈಟ್ರೈಟ್ ಸೇರಿದ ಲವಣದಲ್ಲಿ ಪಾದರಸದ ಪಾಲು ನೂರಕ್ಕೆ 81.3. ನೀರಿಲ್ಲದ ಮರ್ಕ್ಯುರಸ್ ನೈಟ್ರೇಟಿನಲ್ಲಿ 76.4. ಸಾಮಾನ್ಯವಾಗಿ ಸಿಗೋ, ಎರಡು ನೀರಿನ ಅಣು ಕೂಡಿದ ನೈಟ್ರೇಟಿನಲ್ಲಿ 71.5. ಅಂದರೆ ಒಂದು ಗ್ರಾಮ್ ಹರಳಿನಲ್ಲಿ 50ರಿಂದ 100 ಮಿಲಿಗ್ರಾಮಿನಷ್ಟು ವ್ಯತ್ಯಾಸ. ಒಳ್ಳೆಯ ತಕ್ಕಡಿ, ನಡುಗದ ಕೈ ಇದ್ದರೆ ಇದನ್ನು ಹಿಡಿಯೋದು 1895ರಲ್ಲಿ ಕಷ್ಟವೇನಲ್ಲ. ಕಷ್ಟ ಇದ್ದದ್ದು ಹರಳನ್ನು ಶುದ್ಧವಾಗಿ ಕೈಗೆ ತೆಗೆದುಕೊಳ್ಳೋದರಲ್ಲಿ. ನೀರಿನಲ್ಲಿ ಕರಗಿಸಿ ಮತ್ತೆ ಹರಳುಗಟ್ಟಿಸೋಣ ಅಂದರೆ, ನೀರು ತಾಗಿದ ಕೂಡಲೇ ಈ ಲವಣ ಎರಡಾಗುತ್ತೆ. ಪಾದರಸ ಬೂದು ಪುಡಿಯಾಗಿ ಕೆಳಗೆ, ಮರ್ಕ್ಯುರಿಕ್ ನೈಟ್ರೈಟ್ ದ್ರಾವಣದಲ್ಲಿ ಮೇಲೆ. ತೊಳೆಯೋ ನೀರೇ ಕೆಡಿಸೋ ಪದಾರ್ಥ! ರಾಯ್ ಈ ಒಡೆಯುವಿಕೆಯನ್ನೂ ಗಮನಿಸಿ ಅಳೆದರು.

(ಯಾರೂ ಮನೆಯಲ್ಲಿ ಪ್ರಯತ್ನಿಸಬೇಡಿ ಅಂತ ಬೇರೆ ಹೇಳಬೇಕಾಗಿಲ್ಲ ತಾನೇ? ಪಾದರಸದ ಆವಿಯೂ ವಿಷ, ಅದರ ಲವಣವೂ ವಿಷ, ಏಳೋ ಕಂದು ಹೊಗೆಯೂ ವಿಷ.)

ಹಾಗಾದರೆ ಆಮ್ಲದ ನಡುವೆ ನೈಟ್ರೈಟ್ ಬದುಕಿದ್ದು ಹೇಗೆ? ಇದಕ್ಕೆ ಒಂದು ಚಂದದ ಲೆಕ್ಕವಿದೆ. ನಾಲ್ಕು ಪಾದರಸ, ನಾಲ್ಕು ನೈಟ್ರಿಕ್ ಆಮ್ಲದ ಅಣು ತಗೊಳ್ಳಿ. ಎರಡು ಆಮ್ಲದ ಅಣುಗಳು ತಲಾ ಒಂದು ಆಮ್ಲಜನಕ ಬಿಟ್ಟುಕೊಟ್ಟು ನೈಟ್ರೈಟಿಗೆ ಇಳಿಯುತ್ತವೆ, ಉಳಿದೆರಡು ನೈಟ್ರೇಟಾಗೇ ಇರುತ್ತವೆ. ಕೊನೆಗೆ ಒಂದು ಮರ್ಕ್ಯುರಸ್ ನೈಟ್ರೈಟ್, ಒಂದು ಮರ್ಕ್ಯುರಸ್ ನೈಟ್ರೇಟ್, ಎರಡು ಅಣು ನೀರು. ಎರಡೂ ಕಡೆ ಎಣಿಸಿ ನೋಡಿ, ಒಂದು ಪರಮಾಣೂ ಹೆಚ್ಚುಕಮ್ಮಿ ಇಲ್ಲ. ಅಂದರೆ ಪಾದರಸ ಆಮ್ಲದಲ್ಲಿ ಕರಗುವಾಗ ನೈಟ್ರೇಟ್, ನೈಟ್ರೈಟ್ ಎರಡೂ ಜೊತೆಜೊತೆಗೇ ಹುಟ್ಟುತ್ತವೆ. ಸಾಧಾರಣವಾಗಿ ನೈಟ್ರೈಟನ್ನು ಆಮ್ಲ ತಿಂದುಹಾಕುತ್ತೆ, ಹೊಗೆ ಹೋಗುತ್ತೆ, ನಮಗೆ ನೈಟ್ರೇಟ್ ಮಾತ್ರ ಕಾಣುತ್ತೆ. ಆಮ್ಲ ತೆಳುವಾಗಿ, ತಣ್ಣಗಿದ್ದು, ಪಾದರಸ ಧಾರಾಳವಾಗಿದ್ದರೆ ಮಾತ್ರ ನೈಟ್ರೈಟ್ ಆಮ್ಲದ ಕೈಗೆ ಸಿಗೋ ಮೊದಲೇ ಹರಳಾಗಿ ಹೊರಗೆ ಕೂತುಬಿಡುತ್ತೆ. ಅದು ಆಮ್ಲದಲ್ಲಿ ಬದುಕಿದ್ದಲ್ಲ, ಆಮ್ಲದಿಂದ ತಪ್ಪಿಸಿಕೊಂಡದ್ದು.

ಪ್ರಬಂಧ 1896ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಅದೇ ವರ್ಷ ಜರ್ಮನಿಯ ಅಜೈವಿಕ ರಸಾಯನಶಾಸ್ತ್ರದ ಪತ್ರಿಕೆಯಲ್ಲೂ ಬಂತು. ಲಂಡನ್ನಿನ ನೇಚರ್ ಪತ್ರಿಕೆ 1896ರ ಮೇ ತಿಂಗಳಲ್ಲಿ ಇದು ಗಮನಿಸಬೇಕಾದ ಕೆಲಸ ಅನ್ನೋ ಅರ್ಥದಲ್ಲಿ ಸಣ್ಣ ಟಿಪ್ಪಣಿ ಹಾಕಿತು. ಜಗತ್ತನ್ನೇ ಬೆರಗುಗೊಳಿಸಿತು ಅಂತ ಸಂದೇಶದಲ್ಲಿ ಓಡಾಡೋದು ಹೆಚ್ಚುಕಡಿಮೆ ಈ ಟಿಪ್ಪಣಿಯೇ. ಅದೇ ತಿಂಗಳುಗಳಲ್ಲಿ ಜಗತ್ತು ನಿಜವಾಗಿ ಬೆರಗಾಗಿದ್ದು ರಾಂಟ್‌ಜೆನ್ನರ ಎಕ್ಸ್-ಕಿರಣಕ್ಕೆ, ಅದನ್ನು ಮುಚ್ಚಿಡೋದು ಯಾಕೆ? ಆದರೆ ರಾಸ್ಕೋ, ಬರ್ಥೆಲೊ, ವಿಕ್ಟರ್ ಮೇಯರ್, ಫೋಲ್‌ಹಾರ್ಡ್ ಇಂಥವರು ಪತ್ರ ಬರೆದು ಮೆಚ್ಚಿಕೊಂಡರು. ಆ ಪತ್ರಗಳು ಕಲ್ಕತ್ತೆಯ 250 ರೂಪಾಯಿ ಮೇಷ್ಟ್ರಿಗೆ ಎಷ್ಟು ದೊಡ್ಡವು ಅಂತ ಊಹಿಸಿಕೊಳ್ಳಿ. ತನ್ನ ಕಾಲೇಜಿನವರಿಗೆ ಬೇಡವಾದ ಕೆಲಸವನ್ನು ಸಮುದ್ರದಾಚೆಯವರು ಓದಿ, ತಮ್ಮಲ್ಲೊಬ್ಬ ಅಂತ ಲೆಕ್ಕಕ್ಕೆ ತಗೊಂಡರು.

ಮೆಚ್ಚಿದವರಲ್ಲಿ ಇನ್ನೊಬ್ಬರು ಎಡ್ವರ್ಡ್ ಡೈವರ್ಸ್, ನನಗೆ ಬಹಳ ಕುತೂಹಲ ಹುಟ್ಟಿಸಿದ ವ್ಯಕ್ತಿ. ಇಂಗ್ಲೆಂಡಿನವರು, ಆದರೆ 1873ರಿಂದ ಇದ್ದದ್ದು ಜಪಾನಿನಲ್ಲಿ. ಟೋಕಿಯೋದಲ್ಲಿ ಪಾಠ ಹೇಳುತ್ತಾ ತಮ್ಮ ಜಪಾನಿ ಶಿಷ್ಯ ಹಾಗಾ ಜೊತೆ ಸಾರಜನಕದ ಇಂಥದೇ ಚಂಚಲ ಲವಣಗಳ ಮೇಲೆ ಕೆಲಸ ಮಾಡುತ್ತಿದ್ದರು. ಪ್ರಯೋಗದಲ್ಲಿ ಆದ ಸ್ಫೋಟದಲ್ಲಿ ಒಂದು ಕಣ್ಣೂ ಕಳೆದುಕೊಂಡಿದ್ದರು. ಪಾದರಸ ಮತ್ತು ನೈಟ್ರಿಕ್ ಆಮ್ಲದ ನಡುವೆ ನಿಜವಾಗಿ ಏನು ನಡೆಯುತ್ತೆ ಅಂತ ಅವರೂ ಆಮೇಲೆ ಬರೆದರು, ರಾಯ್ ಅವರ ಹರಳನ್ನು ಮುಂದಿಟ್ಟುಕೊಂಡು. ಆ ಕಾಲದಲ್ಲಿ ಕಲ್ಕತ್ತಾ-ಟೋಕಿಯೋ ನಡುವೆ ಒಂದು ಉಪ್ಪಿನ ಬಗ್ಗೆ ಮಾತುಕತೆ ನಡೆದಿತ್ತು ಅಂದರೆ ಖುಷಿಯಾಗಲ್ವಾ?

ಸರಿ, ಈ ಲವಣದಿಂದ ಏನು ಉಪಯೋಗವಾಯಿತು? ನೇರವಾಗಿ ಹೇಳ್ತೀನಿ: ಏನೂ ಇಲ್ಲ. ಔಷಧಿಯಾಗಲಿಲ್ಲ, ಕಾರ್ಖಾನೆಗೆ ಬೇಕಾಗಲಿಲ್ಲ. ಇದು ಇಲ್ಲದಿದ್ದರೆ ನಮ್ಮ ನಿತ್ಯಜೀವನದಲ್ಲಿ ಯಾವ ಕೊರತೆಯೂ ಆಗುತ್ತಿರಲಿಲ್ಲ. ಇದಕ್ಕೇ ನಾನು ಕತೆ ಚಿಕ್ಕದು ಅಂದದ್ದು. ಪಿತಾಮಹ, ಮಹಾನ್ ಆವಿಷ್ಕಾರ ಅಂತ ಊದಿದರೆ, ಮುಂದೆ ಯಾರೋ ಒಬ್ಬ ವಿಚಾರಿಸಿ ನೋಡಿ, ಅಯ್ಯೋ ಇಷ್ಟೇನಾ ಅಂತ ನಕ್ಕುಬಿಡ್ತಾನೆ. ಆ ನಗು ರಾಯ್ ಅವರಿಗೆ ಸಲ್ಲಬೇಕಾದ್ದಲ್ಲ.

ಯಾಕೆಂದರೆ ಅವರು ಅಲ್ಲಿಗೆ ನಿಲ್ಲಿಸಲಿಲ್ಲ. ಒಂದು ನೈಟ್ರೈಟ್ ಹೀಗೆ ತಪ್ಪಿಸಿಕೊಂಡು ಬದುಕಬಹುದಾದರೆ, ಬೇರೆಯವೂ ಯಾಕೆ ಬದುಕಬಾರದು? 1897ರಲ್ಲಿ ಲಂಡನ್ನಿನ ಕೆಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಪಾದರಸದ ನೈಟ್ರೈಟುಗಳು ಯಾವ್ಯಾವ ಪರಿಸ್ಥಿತಿಯಲ್ಲಿ ಹುಟ್ಟುತ್ತವೆ ಅನ್ನೋದರ ಮೇಲೆ ಬರೆದರು. ಬೆಳ್ಳಿಯ ನೈಟ್ರೈಟ್ ಆಗಲೇ ಗೊತ್ತಿತ್ತು. ಅದರಿಂದ ಸಾವಯವ ಸಂಯುಕ್ತಗಳನ್ನು ಮಾಡಬಹುದು ಅಂತ ವಿಕ್ಟರ್ ಮೇಯರ್ 1872ರಲ್ಲೇ ತೋರಿಸಿದ್ದರು. ಅದೇ ದಾರಿಯಲ್ಲಿ ರಾಯ್ ಪಾದರಸದ ನೈಟ್ರೈಟುಗಳನ್ನು ಈಥೈಲ್ ಅಯೊಡೈಡಿನ ಜೊತೆ ಬೆರೆಸಿ ನೋಡಿದರು. ಆಮೇಲೆ ಕ್ಷಾರ ಲೋಹಗಳ ನೈಟ್ರೈಟು, ಅಮೈನುಗಳ ನೈಟ್ರೈಟು... ಹೀಗೆ ಎರಡು ದಶಕ.

ಇವುಗಳಲ್ಲಿ ಅಮೋನಿಯಂ ನೈಟ್ರೈಟಿನದ್ದು ಹೇಳಲೇಬೇಕು. ಪಿಯುಸಿಯಲ್ಲಿ ಸಾರಜನಕ ತಯಾರಿಸೋ ಪಾಠ ನೆನಪಿದೆಯಾ? ಅಮೋನಿಯಂ ಕ್ಲೋರೈಡು, ಸೋಡಿಯಂ ನೈಟ್ರೈಟು ಎರಡನ್ನೂ ನೀರಲ್ಲಿ ಹಾಕಿ ಕಾಯಿಸೋದು. ನಡುವೆ ಹುಟ್ಟೋ ಅಮೋನಿಯಂ ನೈಟ್ರೈಟ್ ನಿಲ್ಲೋದೇ ಇಲ್ಲ, ಸಾರಜನಕ ಮತ್ತು ನೀರಾಗಿ ಒಡೆದುಹೋಗುತ್ತೆ. ಪರೀಕ್ಷೆಗೆ ನಾವೆಲ್ಲ ಬರೆದದ್ದು ಅದೇ. ರಾಯ್ ಮತ್ತು ಅವರ ಶಿಷ್ಯರು (ನೀಲರತನ ಧರ್ ಅದರಲ್ಲೊಬ್ಬರು) ಇದೇ ಲವಣವನ್ನು ನಿರ್ವಾತದಲ್ಲಿ ಹುಷಾರಾಗಿ ಕಾಯಿಸಿದರೆ ಒಡೆಯೋ ಬದಲು ಆವಿಯಾಗಿ ಮೇಲೆ ಏಳುತ್ತೆ, ತಣ್ಣಗಾದರೆ ಮತ್ತೆ ಹರಳಾಗುತ್ತೆ ಅಂತ ತೋರಿಸಿದರು. ಆ ಆವಿಯ ಸಾಂದ್ರತೆಯನ್ನೂ ಅಳೆದರು. ಇದು 1912ರ ಕೆಲಸ, ರಾಯ್ ಲಂಡನ್ನಿಗೆ ಹೋದಾಗ ಅಲ್ಲಿ ಮಂಡಿಸಿದ್ದು. ನೈಟ್ರೈಟುಗಳ ಒಡೆಯ ಅನ್ನೋ ಬಿರುದು ಅವರಿಗೆ ಅಂಟಿಕೊಂಡದ್ದು ಇಂಥ ಕೆಲಸಗಳಿಂದ. ನನ್ನನ್ನು ಕೇಳಿದರೆ ಮರ್ಕ್ಯುರಸ್ ನೈಟ್ರೈಟಿಗಿಂತ ಇದು ಜಾಣತನದ ಪ್ರಯೋಗ, ಸಂದೇಶ ಕಳಿಸುವವರು ಇದನ್ನು ಹಾಕಬಹುದಿತ್ತು.

ಇಷ್ಟೆಲ್ಲ ಸಂಶೋಧನೆ ಮಾಡ್ತಿದ್ದ ಮನುಷ್ಯ ಸಂಜೆ ಹೊತ್ತು ಮನೆಯಲ್ಲಿ ಕಾರ್ಖಾನೆ ನಡೆಸುತ್ತಿದ್ದರು ಅಂದರೆ ನಂಬೋದು ಕಷ್ಟ. 1892ರಲ್ಲಿ ಸುಮಾರು 700 ರೂಪಾಯಿ ಬಂಡವಾಳದಿಂದ, 91 ಅಪ್ಪರ್ ಸರ್ಕ್ಯುಲರ್ ರಸ್ತೆಯ ಬಾಡಿಗೆ ಮನೆಯಲ್ಲಿ ಶುರುವಾದದ್ದೇ ಬೆಂಗಾಲ್ ಕೆಮಿಕಲ್. ಫಾಸ್ಫೇಟ್ ತಯಾರಿಸಲು ಕಸಾಯಿಯವರಿಂದ ದನದ ಮೂಳೆ ತರಿಸಿ ಮಾಳಿಗೆ ಮೇಲೆ ಒಣಗಹಾಕಿದರು. ವಾಸನೆಗೆ ಅಕ್ಕಪಕ್ಕದವರು ಗಲಾಟೆ ಮಾಡಿ ಪೊಲೀಸರ ತನಕ ಹೋಯಿತು. ಬ್ರಾಹ್ಮಣರಿಂದ ಹಿಡಿದು ಎಲ್ಲರೂ ಕೈಯಿಂದ ಕೆಲಸ ಮಾಡಬೇಕು ಅನ್ನೋದು ಅವರ ಹಟ. ಆ ಕಂಪನಿ 1901ರಲ್ಲಿ ಲಿಮಿಟೆಡ್ ಆಯಿತು, ಮುಂದೆ ಸರ್ಕಾರದ್ದಾಯಿತು. ಅದರ ಕತೆ ಬರೆದರೆ ಇನ್ನೊಂದು ಬರಹವೇ ಆಗುತ್ತೆ, ಬಿಡಿ.

ಆದರೆ ಈ ಕೈಕೆಲಸದ ಮಾತಿಗೆ ಪಾದರಸದ ಜೊತೆಗೂ ನಂಟಿದೆ. ಬರ್ಥೆಲೊ ಬರೀ ರಸಾಯನಶಾಸ್ತ್ರಜ್ಞರಲ್ಲ, ಹಳೆಯ ರಸವಿದ್ಯೆಯ ಇತಿಹಾಸಕಾರರೂ ಹೌದು. ಅವರ ಜೊತೆ ಪತ್ರ ವ್ಯವಹಾರ ಬೆಳೆದಾಗ ಭಾರತದ ರಸಶಾಸ್ತ್ರದ ಬಗ್ಗೆ ಮಾತು ಬಂತು. ರಾಯ್ ಸಂಸ್ಕೃತದ ರಸೇಂದ್ರಸಾರಸಂಗ್ರಹ ಅನ್ನೋ ಗ್ರಂಥದ ಮೇಲೆ ಟಿಪ್ಪಣಿ ಬರೆದು ಕಳಿಸಿದರು. ಬರ್ಥೆಲೊ ಅದನ್ನು ಪ್ಯಾರಿಸ್ಸಿನಲ್ಲಿ ವಿಮರ್ಶೆ ಮಾಡಿ, ಇನ್ನೂ ಬರೆಯಲು ಹುರಿದುಂಬಿಸಿದರು. ಹೀಗೆ 1902ರಲ್ಲಿ ಹಿಂದೂ ರಸಾಯನಶಾಸ್ತ್ರದ ಇತಿಹಾಸದ ಮೊದಲ ಸಂಪುಟ ಹೊರಬಂತು. ಅದರಲ್ಲಿ ಪಾದರಸಕ್ಕೆ ದೊಡ್ಡ ಜಾಗವಿದೆ. ಕಜ್ಜಲಿ, ರಸಸಿಂಧೂರ, ರಸಕರ್ಪೂರ ಈ ಹೆಸರುಗಳನ್ನು ನಮ್ಮ ಕಡೆಯ ಆಯುರ್ವೇದದ ಪಂಡಿತರ ಬಾಯಲ್ಲಿ ನೀವೂ ಕೇಳಿರಬಹುದು. ಇದರಲ್ಲಿ ರಸಕರ್ಪೂರ ಅಂದರೆ ಮೇಲೆ ಹೇಳಿದ ಕ್ಯಾಲೊಮೆಲ್ ಜಾತಿಯದ್ದೇ, ಪಾದರಸದ ಕ್ಲೋರೈಡು.

ಈ ಪುಸ್ತಕದ ಹೆಸರು ಕೇಳಿ, ಎಲ್ಲ ನಮ್ಮ ಪೂರ್ವಜರಿಗೆ ಗೊತ್ತಿತ್ತು ಅಂತ ಬರೆದಿರಬೇಕು ಅಂದುಕೊಳ್ಳುವವರಿದ್ದಾರೆ. ಹಿಂದಿನವರು ಮಾಡಿದ್ದನ್ನು ರಾಯ್ ಅಭಿಮಾನದಿಂದಲೇ ದಾಖಲಿಸಿದರು, ನಿಜ. ಆದರೆ ಅದು ಯಾಕೆ ನಿಂತುಹೋಯಿತು ಅಂತಲೂ ಕೇಳಿದರು. ಅವರ ಉತ್ತರ ಸಿಹಿಯಾಗಿಲ್ಲ. ಜಾತಿಪದ್ಧತಿ ಬಿಗಿಯಾಗಿ, ತಲೆಯಿಂದ ಯೋಚಿಸುವವರು ಒಂದು ಕಡೆ, ಕೈಯಿಂದ ಕುಲುಮೆ ಮುಟ್ಟುವವರು ಇನ್ನೊಂದು ಕಡೆ ಆದರು. ಯೋಚಿಸುವವರು ಮುಟ್ಟಲಿಲ್ಲ, ಮುಟ್ಟುವವರಿಗೆ ಓದು ಸಿಗಲಿಲ್ಲ. ಪ್ರಶ್ನೆ ಕೇಳೋ ಬುದ್ಧಿ ಹೀಗೆ ಸತ್ತುಹೋಯಿತು ಅನ್ನೋದು ಅವರ ವಾದ. ಇದನ್ನು ಬರೆದವರು ಸ್ವತಃ ಆಮ್ಲದಲ್ಲಿ ಕೈ ಅದ್ದುತ್ತಿದ್ದರು, ಮಾಳಿಗೆ ಮೇಲೆ ಮೂಳೆ ಒಣಗಿಸುತ್ತಿದ್ದರು ಅನ್ನೋದು ಗೊತ್ತಿದ್ದರೆ ಮಾತಿಗೆ ತೂಕ ಬರುತ್ತೆ.

ಅವರ ಶಿಷ್ಯರ ಪಟ್ಟಿ ಹಾಕೋಕೆ ಹೋಗಲ್ಲ, ಉದ್ದವಾಗುತ್ತೆ. ಮೇಘನಾದ ಸಾಹಾ, ಸತ್ಯೇಂದ್ರನಾಥ ಬೋಸ್ ಇಬ್ಬರೂ ಪ್ರೆಸಿಡೆನ್ಸಿಯಲ್ಲಿ ಅವರ ಪಾಠ ಕೇಳಿದವರು, ಆಮೇಲೆ ಭೌತಶಾಸ್ತ್ರಕ್ಕೆ ಹೋದವರು. ಅವರ ಸಹಪಾಠಿ, ರಸಾಯನಶಾಸ್ತ್ರದಲ್ಲೇ ಉಳಿದ ಜ್ಞಾನಚಂದ್ರ ಘೋಷ್ ಮಾತ್ರ ನಮಗೆ ಹತ್ತಿರದವರು. 1939ರಿಂದ 1948ರ ತನಕ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ, ಅಂದರೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದರು. ಅಲ್ಲಿ 1942ರಲ್ಲಿ ವಿಮಾನ ಇಂಜಿನಿಯರಿಂಗ್ ವಿಭಾಗ ಶುರುವಾದದ್ದು ಅವರ ಕಾಲದಲ್ಲೇ. ಮುಂದೆ ಖರಗ್‌ಪುರದ ಮೊದಲ ಐಐಟಿಗೆ ಮೊದಲ ನಿರ್ದೇಶಕರಾದವರೂ ಅವರೇ. ಮಲ್ಲೇಶ್ವರದ ಕಡೆಯಿಂದ ಯಶವಂತಪುರಕ್ಕೆ ಹೋಗುವಾಗ ಆ ಕಾಂಪೌಂಡು ನೋಡಿದರೆ, ಕಲ್ಕತ್ತೆಯ ಆ ಪ್ರಯೋಗಾಲಯದ ಒಂದು ಕವಲು ಇಲ್ಲೂ ಬಂದು ಬೇರು ಬಿಟ್ಟಿದೆಯಲ್ಲ ಅನ್ನಿಸುತ್ತೆ.

ರಾಯ್ ಮದುವೆಯಾಗಲಿಲ್ಲ. 1916ರಲ್ಲಿ ಸರ್ಕಾರಿ ಕಾಲೇಜು ಬಿಟ್ಟು ಕಲ್ಕತ್ತಾ ವಿಶ್ವವಿದ್ಯಾಲಯದ ಹೊಸ ವಿಜ್ಞಾನ ಕಾಲೇಜಿಗೆ ಪಾಲಿತ್ ಪ್ರಾಧ್ಯಾಪಕರಾಗಿ ಹೋದರು, ಅಲ್ಲಿನದೇ ಒಂದು ಕೋಣೆಯಲ್ಲಿ ವಾಸ. ಅರವತ್ತು ತುಂಬಿದ ಮೇಲೆ ತಮ್ಮ ಸಂಬಳವನ್ನು ವಿಶ್ವವಿದ್ಯಾಲಯಕ್ಕೇ ಬಿಟ್ಟುಕೊಟ್ಟರು. 1944ರ ಜೂನ್ 16ರಂದು ತೀರಿಕೊಂಡದ್ದು ಅದೇ ಕೋಣೆಯಲ್ಲಿ.

ಹರಳಿನ ಕತೆ ಮಾತ್ರ ಇನ್ನೂ ಸ್ವಲ್ಪ ಉಳಿದಿತ್ತು. ರಾಯ್ ತೂಕದಿಂದ ಅದರಲ್ಲಿ ಎಷ್ಟು ಪಾದರಸ, ಎಷ್ಟು ಸಾರಜನಕ ಅಂತ ಹೇಳಿದ್ದರು. ಪರಮಾಣುಗಳು ಒಳಗೆ ಹೇಗೆ ಕೂತಿವೆ ಅಂತ ನೋಡಲು ಅವರ ಬಳಿ ದಾರಿಯೇ ಇರಲಿಲ್ಲ, ಎಕ್ಸ್-ಕಿರಣ ಆಗ ತಾನೇ ಹುಟ್ಟಿದ ಕೂಸು. 1980ರ ದಶಕದಲ್ಲಿ ಜಪಾನಿನ ವಿಜ್ಞಾನಿಗಳು ಎಕ್ಸ್-ಕಿರಣದಿಂದ ಈ ಲವಣದ ರಚನೆ ಬಿಡಿಸಿದರು. 2011ರಲ್ಲಿ, ರಾಯ್ ಹುಟ್ಟಿ 150 ವರ್ಷವಾದಾಗ, ಕೋಲ್ಕತ್ತಾದ ಇಂಡಿಯನ್ ಅಸೋಸಿಯೇಷನ್ ಫಾರ್ ದಿ ಕಲ್ಟಿವೇಷನ್ ಆಫ್ ಸೈನ್ಸ್‌ನಲ್ಲಿ ಅನಿಮೇಶ್ ಚಕ್ರವರ್ತಿ ಮತ್ತು ಜೊತೆಗಾರರು ಹಳೆಯ ಪ್ರಬಂಧವನ್ನು ಮತ್ತೆ ಕೈಗೆತ್ತಿಕೊಂಡು ಅದರ ಮೇಲೆ ಬರೆದರು. ಹರಳಿನೊಳಗೆ ಎರಡು ಪಾದರಸದ ಪರಮಾಣುಗಳು ಸುಮಾರು 2.5 ಆಂಗ್‌ಸ್ಟ್ರಾಂ ದೂರದಲ್ಲಿ ಜೋಡಿಯಾಗಿ ಕೂತಿವೆ. ಒಂದೊಂದರ ಪಕ್ಕಕ್ಕೂ ಒಂದು ನೈಟ್ರೈಟು, ಸಾರಜನಕದ ಕಡೆಯಿಂದಲ್ಲ, ಆಮ್ಲಜನಕದ ಕಡೆಯಿಂದ ಪಾದರಸವನ್ನು ಹಿಡಿದುಕೊಂಡಿದೆ.